ಸಾಲ ಸತ್ತದ, ವಿಮಾ ಬದುಕ್ಯದ

ಮಕ್ತಲ್‌ನ ಒಂದು ಬ್ಯಾಂಕು, ಜೂನ್ ಮೊದಲ ವಾರ. ಫ್ಯಾನು ತಿರುಗುತ್ತಿದೆ, ಕ್ಯೂ ಕದಲುತ್ತಿಲ್ಲ. ನಾರಾಯಣಪೇಟೆ ಸೀರೆ ನೇಯುವ ಹಿರಿಯರು ಪಾಸ್‌ಬುಕ್ ಚಾಚಿದರು.

ನೇಕಾರ: ಸಾಹೇಬ್ರ, ಮಗ್ಗದ ಸಾಲ ತೀರಿಸಿ ನೋ ಡ್ಯೂ ತಗೊಂಡೀನಿ. ಮತ್ತ 436 ಯಾಕ ಕಟ್ ಆತು?

ಸಾಹೇಬ: ಅದು ಜೀವನ ಜ್ಯೋತಿ ವಿಮಾದ ಕಂತು. ಕೆಳಗಿನ 20 ಸುರಕ್ಷಾ ವಿಮಾದ್ದು. ಸಾಲಕ್ಕೂ ಅದಕ್ಕೂ ಸಂಬಂಧ ಇಲ್ರಿ.

ನೇಕಾರ: ಸಾಲ ಕೊಡೋ ಮುಂದ ಭಾಳ ಸಂಬಂಧ ಇತ್ತಲ್ರಿ! ಸಹಿ ಹಾಕದಿದ್ರ ಫೈಲ್ ಮುಂದ ಹೋಗಂಗಿಲ್ಲ ಅಂದಿದ್ರಿ.

(ಎರಡೂ ಸ್ವಇಚ್ಛೆಯ ಯೋಜನೆಗಳೇ. ಸಾಲದ ಕಾಗದಗಳ ನಡುವೆ ಆ ಇಚ್ಛೆ ಯಾವಾಗ ಹುಟ್ಟಿತೆಂಬುದು ಸಹಿ ಹಾಕಿದವರಿಗೇ ತಿಳಿಯದು.)

ಸಾಹೇಬ: ನಾಳೆ ಏನರ ಆದ್ರ ಮನ್ಯಾಗಿನವ್ರಿಗೆ 2 ಲಕ್ಷ ಬರ್ತದ.

ನೇಕಾರ: ವರ್ಷಾ ವರ್ಷಾ ಬದುಕಿ ನಾನೇ ತಪ್ಪು ಮಾಡಕತ್ತೀನಿ ಅನ್ರಿ. ನನಗ 57 ರೀ.

ಸಾಹೇಬ: 55ಕ್ಕ ಜೀವನ ಜ್ಯೋತಿ ಮುಗೀತದಲ್ಲ...

ನೇಕಾರ: ಕಟ್ ಆಗೋದು ಮುಗೀಲಿಲ್ಲಲ್ರಿ!

ಸಾಹೇಬ: ಸಿಸ್ಟಮ್ ರೀ.

ನೇಕಾರ: ಅರ್ಜಿ ತಂದೀನಿ, ಸಿಕ್ಕಾ ಹೊಡೀರಿ. 30 ದಿನದಾಗ ಉತ್ತರ ಬರದಿದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೀತೀನಿ. ಗದ್ವಾಲದ ಬೀಗರು ಎಲ್ಲಾ ಹೇಳ್ಯಾರ.

ಸಾಹೇಬ: ರೊಕ್ಕ ವಾಪಸ್ ಬಂದ್ರ ಇದೇ ಖಾತೆಗೆ ಹಾಕ್ಲೇನ್ರಿ?

ನೇಕಾರ: ಬ್ಯಾಡ್ರಿ, ಅದು ಬಂದದ್ದನ್ನೂ ತಿಂತದ. ಕೈಯಾಗ ಕೊಡ್ರಿ.