ಮುಳ್ಳಿಲ್ಲದ ಸಿಲಿಂಡರಿಗೂ ಟಿಕ್ಕು

ಕುಲಸಚಿವರ ಕಚೇರಿಯಿಂದ ‘ಪರಿಸರ, ಆರೋಗ್ಯ ಮತ್ತು ಸುರಕ್ಷತಾ ನೀತಿ’ ಹೊರಟಿತು ಅನ್ನಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ಉಲ್ಲೇಖಗಳನ್ನೆಲ್ಲ ದಾಟಿ, ‘ಸೂಕ್ತ ಕ್ರಮಕ್ಕಾಗಿ’ ಎಂಬಲ್ಲಿ ಉಸಿರು ಬಿಡುತ್ತದೆ. ಡೀನರು ವಿಭಾಗದ ಮುಖ್ಯಸ್ಥರತ್ತ ತಳ್ಳುತ್ತಾರೆ. ಮುಖ್ಯಸ್ಥರು ಮೂಲೆಯಲ್ಲಿ ‘ಓದಿ ಸಹಿ ಮಾಡಿ’ ಎಂದು ಗೀಚಿ ಅಟೆಂಡರ್ ಕೈಗೆ ಕೊಡುತ್ತಾರೆ. ನಾವು ಮೇಷ್ಟ್ರುಗಳು ಅದರಲ್ಲಿ ಎರಡನೆಯ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತೇವೆ. ವಾಟ್ಸಾಪ್ ಬಂದ ಮೇಲಂತೂ ಪೆನ್ನೂ ಬೇಡ. ಪಿಡಿಎಫ್ ಬಿದ್ದ ಮರುಕ್ಷಣವೇ ಸಾಲುಸಾಲಾಗಿ ಕೈಮುಗಿದ ಇಮೋಜಿ, ಅದರ ಬೆನ್ನಿಗೇ ಯಾರದೋ ಹುಟ್ಟುಹಬ್ಬ.

ವರ್ಷಕ್ಕೊಮ್ಮೆ ತಪಾಸಣೆಯೂ ಉಂಟು. ನಮೂನೆಯಲ್ಲಿ ಒಂದು ಪ್ರಶ್ನೆ: ‘ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ?’ ನಮ್ಮಲ್ಲಿ ಎಲ್ಲದಕ್ಕೂ ‘ಹೌದು’ ಟಿಕ್ಕು. ಕಾರಿಡಾರಿನಲ್ಲಿ ಇರುವುದೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು. ಅದಕ್ಕೆ ಮುಳ್ಳೇ ಇರುವುದಿಲ್ಲ ಸ್ವಾಮಿ, ಗ್ಯಾಸ್ ಉಳಿದಿದೆಯೋ ಇಲ್ಲವೋ ಎಂದು ತೂಕ ಹಾಕಿಯೇ ನೋಡಬೇಕು! ಅದನ್ನು ಹಾರಿಸುವಾಗ ಬರಿಗೈಯಲ್ಲಿ ಕೊಳವೆಯ ಬಾಯಿ ಹಿಡಿದರೆ ಚಳಿಗೇ ಚರ್ಮ ಸುಟ್ಟಂತಾಗುತ್ತದೆ ಎಂಬುದನ್ನು ನಮಗ್ಯಾರೂ ಹೇಳಿಲ್ಲ. ಹೇಳಿದ್ದರೂ ಸಹಿ ಹಾಕಿರುತ್ತಿದ್ದೆವು ಬಿಡಿ.

ಇದು ನಗುವ ಮಾತು ಎನ್ನುವವರು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಕಡೆ ನೋಡಬೇಕು. 2008ರ ಅಕ್ಟೋಬರಿನಲ್ಲಿ ಅಲ್ಲಿನ ಸುರಕ್ಷತಾ ಸಿಬ್ಬಂದಿ ಒಂದು ರಸಾಯನಶಾಸ್ತ್ರ ಲ್ಯಾಬಿಗೆ ಬಂದು, ಇಲ್ಲಿ ಕೋಟು ಹಾಕುತ್ತಿಲ್ಲ ಎಂದು ವರದಿ ಬರೆದರು. ಡಿಸೆಂಬರ್ 29ರಂದು ಅದೇ ಲ್ಯಾಬಿನಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯ ಸಿರಿಂಜು ಕಳಚಿತು. ಒಳಗಿದ್ದದ್ದು ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ. ಮೈಮೇಲೆ ಕೋಟಿರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನ ನರಳಿ ಆಕೆ ತೀರಿಕೊಂಡಳು. ವರದಿ ಮಾತ್ರ ಅಚ್ಚುಕಟ್ಟಾಗಿ ತಲುಪಬೇಕಾದಲ್ಲಿಗೆ ತಲುಪಿತ್ತು.

ನಮ್ಮಲ್ಲಿ ಈ ನೀತಿಯ ಗಂಧಗಾಳಿ ಇಲ್ಲದವರು ಇಬ್ಬರು: ಒಡೆದ ಬೀಕರು ಗುಡಿಸುವ ಗುತ್ತಿಗೆಯ ಅಮ್ಮ, ಮತ್ತು ಲ್ಯಾಬಿನ ಅಟೆಂಡರ್. ಅಪಾಯಕ್ಕೆ ಕೈ ಹಾಕುವವರೂ ಅವರೇ. ಗಾಜು ಕಸದ ಚೀಲದೊಳಗೇ ಸೇರಿ ಆಕೆಯ ಬೆರಳು ಕುಯ್ಯುತ್ತದೆ. ಗಾಜಿಗೆ ಬೇರೆ ಡಬ್ಬ ಎಂಬ ನಿಯಮವೋ ಆಕೆಯ ತಲೆಯ ಮೇಲೇ ಇಂಗ್ಲಿಷಿನಲ್ಲಿ ನೇತಾಡುತ್ತಿದೆ.

ಅಟೆಂಡರಿಗೆ ಸುರಕ್ಷತಾ ಸಮಿತಿಯಲ್ಲಿ ಜಾಗವಿಲ್ಲ, ಬಾಯಿ ಮಾತ್ರ ಇದೆ. ಮೊನ್ನೆ ಹೊಸ ಸಂಶೋಧಕಿಯೊಬ್ಬಳು ಸಲ್ಫ್ಯೂರಿಕ್ ಆಸಿಡ್ಡಿಗೆ ನೀರು ಸುರಿಯಲು ಹೊರಟಾಗ, “ಅಯ್ಯೋ ಮೇಡಂ, ಉಲ್ಟಾ! ನೀರಿಗೆ ಆಸಿಡ್ ಬಿಡಿ, ಸ್ವಲ್ಪಸ್ವಲ್ಪ. ಇಲ್ದಿದ್ರೆ ಕುದ್ದು ಮುಖಕ್ಕೇ ಎಗರುತ್ತೆ” ಎಂದ. ಇಡೀ ನೀತಿಯಲ್ಲಿ ನನಗೆ ಅರ್ಥವಾದದ್ದು ಅಷ್ಟೇ. ಅದನ್ನೇ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು ಕಪಾಟಿಗೂ ಅಂಟಿಸಿದ. ಕ್ರಮಾಂಕ, ದಿನಾಂಕ ಇಲ್ಲದ ಚೀಟಿ ಎಂದು ತಪಾಸಣಾ ತಂಡ ಕಿತ್ತು ಹಾಕಿಸಿತು. ಈಗ ಅನುಮತಿ ಕೋರಿ ಇಂಗ್ಲಿಷಿನಲ್ಲಿ ಟಿಪ್ಪಣಿ ಮೇಲಕ್ಕೆ ಹೋಗಿದೆ. ಮಂಜೂರಾಗಿ ಬಂದ ಮೇಲೆ ಕನ್ನಡಕ್ಕೆ ಅನುವಾದ ಮಾಡಿಸುತ್ತಾರಂತೆ.