ರಿಜೆಕ್ಷನ್ ಮೂಲ

ನದೀಮೂಲ, ಋಷಿಮೂಲ ಹುಡುಕಬಾರದು ಅಂತ ಹಿರಿಯರು ಹೇಳಿದ್ದನ್ನು ನಮ್ಮ ಕಾರ್ಖಾನೆಗಳು ಬಲು ಭಕ್ತಿಯಿಂದ ಪಾಲಿಸುತ್ತಿವೆ. ಮೇಲಿಂದ ಮೂರನೆಯದೊಂದನ್ನೂ ಸೇರಿಸಿಕೊಂಡಿವೆ: ರಿಜೆಕ್ಷನ್ ಮೂಲ. ಅದನ್ನು ಹುಡುಕಬಾರದು, ಹುಡುಕಿದ ಹಾಗೆ ಮಾಡಿ ಗೋಡೆಗೆ ಅಂಟಿಸಬೇಕು.

ಈ ಕಲೆ ನೋಡಬೇಕಿದ್ದರೆ ಪೀಣ್ಯದ ಯಾವುದಾದರೂ ಶೆಡ್ಡಿಗೆ ಆಡಿಟ್‌ನ ಹಿಂದಿನ ದಿನ ಹೋಗಿ. ಮನೆಯಲ್ಲಿ ಈರುಳ್ಳಿಯನ್ನೂ ಮುಟ್ಟದ ಕ್ವಾಲಿಟಿ ಮ್ಯಾನೇಜರು ಸ್ಕೆಚ್ ಪೆನ್ನು ಹಿಡಿದು ಎಂಥ ಚಂದದ ಮೀನಿನ ಮುಳ್ಳು ಬಿಡಿಸುತ್ತಾರೆ ಅಂತೀರಿ! ತಲೆಯಲ್ಲಿ ಸಮಸ್ಯೆ, ಮುಳ್ಳುಗಳ ಮೇಲೆ ಮನುಷ್ಯ, ಯಂತ್ರ, ವಿಧಾನ, ಸಾಮಗ್ರಿ. ಕಾರಣ ಹುಡುಕುವ ಈ ಚಿತ್ರವನ್ನು ಬಳಕೆಗೆ ತಂದ ಜಪಾನಿನ ಕಾವೊರು ಇಶಿಕಾವಾ ಯಂತ್ರದ ಮುಂದೆ ನಿಲ್ಲುವವನೇ ಕೂತು ಕಾರಣ ಹುಡುಕಲಿ ಎಂದವರು. 1962ರಲ್ಲಿ ಅಲ್ಲಿ ಕ್ವಾಲಿಟಿ ಸರ್ಕಲ್ ಶುರುವಾದದ್ದೇ ಹಾಗೆ. ನಮ್ಮಲ್ಲಿ ಯಂತ್ರದ ಮುಂದೆ ನಿಲ್ಲುವವನೇ ಕಾರಣ. ಆಪರೇಟರ್ ಗಮನ ಕೊಡಲಿಲ್ಲ, ಆಪರೇಟರಿಗೆ ತಿಳಿವಳಿಕೆ ಸಾಲದು, ಆಪರೇಟರ್ ಮೊಬೈಲ್ ನೋಡುತ್ತಿದ್ದ. ಪರಿಹಾರದ ಕಾಲಮ್ಮಿನಲ್ಲಿ ಒಂದೇ ಸಾಲು: ‘ತರಬೇತಿ ನೀಡಲಾಗಿದೆ.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಟೊಯೊಟಾದ ತೈಚಿ ಓಹ್ನೊ ಐದು ಸಲ ‘ಯಾಕೆ’ ಕೇಳಿ ಅಂದರು. ಯಂತ್ರ ನಿಂತಿತು, ಯಾಕೆ? ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲದೆ ಲೋಡ್ ಜಾಸ್ತಿಯಾಯಿತು. ಎಣ್ಣೆ ಯಾಕಿಲ್ಲ? ಪಂಪು ಎಳೆಯುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಸವೆದದ್ದು ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ನಾವಾಗಿದ್ದರೆ ಮೊದಲನೆಯದಕ್ಕೇ ಫ್ಯೂಸ್ ಹಾಕಿ, ಊಟಕ್ಕೆ ಹೋಗಿ, ಎಲೆಕ್ಟ್ರಿಷಿಯನ್ನಿಗೆ ಮೆಮೊ ಕೊಡುತ್ತಿದ್ದೆವು.

ಹೆಸರು ಬೇಡ, ಒಂದು ಕಾರ್ಖಾನೆಯಲ್ಲಿ ಬುಷ್‌ನ ಬೋರ್ ಅಳತೆ ತಪ್ಪುತ್ತಿತ್ತು. ಮೀನು ತಯಾರು, ಬೈಗುಳವೂ ತಯಾರು. ಅಷ್ಟರಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದ ಟ್ರೈನಿ ಹುಡುಗನೊಬ್ಬ, ಯಾರೂ ಹೇಳದಿದ್ದರೂ, ಚೆಕ್ ಶೀಟ್ ಮಾಡಿದ. ಮೇಲೆ ಯಂತ್ರಗಳ ಹೆಸರು, ಎಡಕ್ಕೆ ಗಂಟೆ. ಒಂದು ಪೀಸ್ ತಪ್ಪಿದರೆ ಒಂದು ಗೀರು, ನಾಲ್ಕರ ಮೇಲೆ ಅಡ್ಡಗೀರು. ವಾರ ಕಳೆಯುವಷ್ಟರಲ್ಲಿ ಗೀರುಗಳೆಲ್ಲ ಬೆಳಗಿನ ಮೊದಲ ಗಂಟೆಯಲ್ಲೇ ಗುಂಪುಗೂಡಿದ್ದವು. ಆಪರೇಟರ್ ಯಾರೇ ಇರಲಿ, ಯಂತ್ರ ಯಾವುದೇ ಇರಲಿ, ಹತ್ತು ಗಂಟೆಯ ಮೇಲೆ ಹಾಳೆ ಖಾಲಿ.

ಬೆಳಿಗ್ಗೆಯೇ ಯಾಕೆ? ಯಂತ್ರ ತಣ್ಣಗಿರುತ್ತದೆ. ಬಿಸಿಯೇರಿದಂತೆ ಸ್ಪಿಂಡಲ್ ಮೈಕ್ರಾನ್ ಲೆಕ್ಕದಲ್ಲಿ ಹಿಗ್ಗುತ್ತದೆ; ನಿನ್ನೆ ಸಂಜೆ ಬಿಸಿ ಯಂತ್ರಕ್ಕೆ ಕೊಟ್ಟ ಆಫ್‌ಸೆಟ್ ಇವತ್ತು ಬೆಳಿಗ್ಗೆ ಹೊಂದುವುದಿಲ್ಲ. ಮೊದಲು ಹೀಗಿರಲಿಲ್ಲವಲ್ಲ? ಮೊದಲು ಅರ್ಧ ಗಂಟೆ ಮುಂಚೆ ಬಂದು ಖಾಲಿ ಓಡಿಸುತ್ತಿದ್ದರು. ನಿಲ್ಲಿಸಿದ್ದು ಯಾಕೆ? ವಿದ್ಯುತ್ ಉಳಿತಾಯದ ಸುತ್ತೋಲೆ ಬಂತು. ಸುತ್ತೋಲೆ ಹೊರಡಿಸಿದ್ದು ಯಾರು?

ಇಷ್ಟಾಗುವಷ್ಟರಲ್ಲಿ ಟೀ ಬಂತು. ಮೀಟಿಂಗ್ ಮುಂದಕ್ಕೆ ಹೋಯಿತು.

ತಪ್ಪು ಒಪ್ಪಿಕೊಳ್ಳುವುದು ಅಷ್ಟು ಕಷ್ಟವೇ? ಪರೆಟೋ ಚಾರ್ಟ್ ಎಂದು ಎಲ್ಲರೂ ಹೇಳುತ್ತಾರಲ್ಲ, ಸಣ್ಣ ಪಾಲು ಕಾರಣಗಳಿಂದಲೇ ದೊಡ್ಡ ಪಾಲು ತೊಂದರೆ ಅಂತ? ಆ ತತ್ವಕ್ಕೆ ಇಟಲಿಯ ಪರೆಟೋ ಹೆಸರಿಟ್ಟವರು ಜೋಸೆಫ್ ಜುರಾನ್. ಹೆಸರು ತಪ್ಪಾಗಿ ಅಂಟಿಸಿದೆ ಎಂದು 1975ರಲ್ಲಿ ಅವರೇ ಲೇಖನ ಬರೆದು ಒಪ್ಪಿಕೊಂಡರು. ಜಗತ್ತಿಗೇ ಗುಣಮಟ್ಟದ ಪಾಠ ಹೇಳಿದವರು! ನಮ್ಮ ಸಾಹೇಬರು ಮಾತ್ರ ಆ ಹುಡುಗನನ್ನು ಸ್ಟೋರ್ಸಿಗೆ ಹಾಕಿದರು. ವರದಿಯಲ್ಲಿ ‘ತರಬೇತಿ ನೀಡಲಾಗಿದೆ’ ಎಂದಾಯಿತು. ಆಪರೇಟರುಗಳು ಈಗ ಗುಟ್ಟಾಗಿ ಬೇಗ ಬಂದು ಯಂತ್ರ ಖಾಲಿ ಓಡಿಸುತ್ತಾರಂತೆ. ರಿಜೆಕ್ಷನ್ ಇಳಿದಿದೆ, ತರಬೇತಿಗೆ ಶಹಬ್ಬಾಸ್ ಸಿಕ್ಕಿದೆ.

ಸಾಹೇಬರೇ, ನಿಮ್ಮಲ್ಲೂ ಯಾರಾದರೂ ಗೀರು ತುಂಬಿದ ಹಾಳೆ ಹಿಡಿದು ಬಂದರೆ ಟೀ ತರಿಸುವ ಮುಂಚೆ ಇನ್ನೊಂದು ‘ಯಾಕೆ’ ಕೇಳಿಬಿಡಿ. ಸುತ್ತೋಲೆಯ ಸಹಿ ನಿಮ್ಮದೇ ಇದ್ದೀತು. ಇರಲಿ ಬಿಡಿ, ಅದನ್ನು ವಾಪಸು ತೆಗೆದುಕೊಳ್ಳುವುದಕ್ಕೂ ಅದೇ ಸಹಿ ನಡೆಯುತ್ತದೆ.