ಟೈಟಲ್ ಕ್ಲಿಯರ್ ಇದೆಯಾ, ಗೌಡ್ರೇ?

ನೇಗಿಲು ಮುಟ್ಟದವರೂ ಕೃಷಿಭೂಮಿ ಕೊಳ್ಳಲಿ ಎಂದು ಸರ್ಕಾರ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. 2023ರ ಮಾರ್ಚ್‌ನಲ್ಲಿ ಪ್ರಧಾನಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಬಂದು ಬೆಂಗಳೂರು–ಮೈಸೂರು ದಶಪಥವನ್ನೂ ಉದ್ಘಾಟಿಸಿದರು. ಕಾಯ್ದೆಯೂ ಸಲೀಸು, ರಸ್ತೆಯೂ ಸಲೀಸು; ಕಾರುಗಳು ಬಾರದೆ ಇರುತ್ತವೆಯೇ? ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಬದುವಿನಲ್ಲಿ ಈಗ ಕೇಳಿಬರುವುದು ಒಂದೇ ಪ್ರಶ್ನೆ: "ಟೈಟಲ್ ಕ್ಲಿಯರ್ ಇದೆಯಾ, ಗೌಡ್ರೇ?"

"ನಾಲೆ ನೀರೇ ಕೊನೆಗಂಟ ಬರಕಿಲ್ಲ ಸ್ವಾಮಿ, ಟೈಟ್ಲು ಎಲ್ಲಿಂದ ಬತ್ತದೆ?"

ಬಂದದ್ದು ರೋಮಿನಿಂದ. ಲ್ಯಾಟಿನ್ನಿನ 'ಟಿಟುಲಸ್' ಅಂದರೆ ಬರಹದ ಹಲಗೆ, ಚೀಟಿ. ಮಾರಾಟಕ್ಕೆ ನಿಲ್ಲಿಸಿದ ಗುಲಾಮನ ಊರು, ಐಬುಗಳನ್ನು ಬರೆದು ಕೊರಳಿಗೆ ಕಟ್ಟುತ್ತಿದ್ದುದು ಅದನ್ನೇ. ಯೇಸುವಿನ ಶಿಲುಬೆಗೆ ಹೊಡೆದ ಫಲಕವೂ ಅದೇ. ಫ್ರೆಂಚರನ್ನು ಹಾದು ಇಂಗ್ಲಿಷಿಗೆ ಬಂದು, ವಕೀಲರ ಬಾಯಿಗೆ ಬಿದ್ದು, ಚೀಟಿಯೇ ಒಡೆತನವಾಯಿತು.

ನಮ್ಮಲ್ಲಿ ಇನ್ನೂ ಚೀಟಿಯೇ. 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವಂತೆ, ಪಹಣಿಯಲ್ಲಿರುವುದು ಸುಳ್ಳೆಂದು ಸಾಬೀತಾಗುವವರೆಗೆ ನಿಜ. ಕಂದಾಯ ದಾಖಲೆಯಿಂದ ಒಡೆತನ ಹುಟ್ಟುವುದಿಲ್ಲವೆಂದು ಕೋರ್ಟುಗಳೂ ಹೇಳಿ ಹೇಳಿ ಸಾಕಾಗಿವೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಎಂಬಾತ, ಒಡೆತನಕ್ಕೆ ಸರ್ಕಾರವೇ ಜಾಮೀನು ನಿಲ್ಲುವ ಪದ್ಧತಿಯನ್ನು 1858ರಲ್ಲೇ ತಂದ. ನಮ್ಮ ಸರ್ಕಾರ ಮುದ್ರಾಂಕ ಶುಲ್ಕ ಎಣಿಸಿಕೊಂಡು, ಹೊಣೆಯನ್ನು ಕೊಳ್ಳುವವನ ತಲೆಗೆ ಕಟ್ಟುತ್ತದೆ.

'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರ್ ಹತ್ತಿತಲ್ಲ ಎನ್ನುತ್ತೀರಾ? ಹತ್ತಿತು, ಶಾನುಭೋಗರ ಕೈತಪ್ಪುಗಳನ್ನೂ ಹೆಗಲ ಮೇಲೆ ಹೊತ್ತುಕೊಂಡೇ. ಒಂಬತ್ತನೇ ಕಾಲಂ ನೋಡಿ: ತಾತನ ಹೆಸರು. ತಾತನ ತಿಥಿ ಊಟ ಉಂಡವರೇ ತೀರಿಕೊಂಡಿದ್ದಾರೆ, ಪಹಣಿಯಲ್ಲಿ ತಾತ ಮಾತ್ರ ಗಟ್ಟಿಯಾಗಿದ್ದಾನೆ. ಅಣ್ಣತಮ್ಮಂದಿರ ಭಾಗವಾಗಿದೆ, ಪೋಡಿ ಆಗಿಲ್ಲ. ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲವೊಂದೇ ಅಕ್ಷರ ತಪ್ಪದೆ, ಪೈಸೆ ತಪ್ಪದೆ ಕೂತಿದೆ. ಇಲಾಖೆಗೆ ಕಾಗುಣಿತ ಬರುವುದಿಲ್ಲ ಎಂದವರು ಯಾರು?

ತಕರಾರಿನ ಚೀಟಿಗೆ ಅರ್ಧ ಬೆಲೆ. ಕಾರಿನವರಿಗೆ ಅದು ಚೆನ್ನಾಗಿ ಗೊತ್ತು; "ಕ್ಲಿಯರ್ ಇಲ್ವಾ? ಬಿಡಿ, ನಾವೇ ಮಾಡಿಸ್ಕೊತೀವಿ" ಎಂದು ಅಡ್ವಾನ್ಸ್ ಕೈಗಿಡುವುದೂ ಅದಕ್ಕೇ. ಆ ದುಡ್ಡು ಮುಟ್ಟುವ ಮುಂಚೆ ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ನಡೆಯಿರಿ, ಪೌತಿ ಖಾತೆಗೆ ಅರ್ಜಿ ಕೊಡಿ. ಮಾರುವುದೋ ಬಿಡುವುದೋ, ಖಾತೆ ನಿಮ್ಮ ಹೆಸರಿಗೆ ಬಂದಮೇಲೆ ಯೋಚಿಸಿ.